ಕೆಂಪು ವೃತ್ತದೊಳಗಿನ ಹತ್ತಂಕಿ

ಉಪ್ಪುಂದದ ಸುಧೀರನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿರಲಿಲ್ಲ! ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಇಪ್ಪತ್ತು ವರ್ಷ ಮೀನು ವ್ಯಾಪಾರ ಮಾಡಿದವನು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ನಂಬಿದವನಲ್ಲ.

ಅಂಥವನ ಹೆಂಡತಿ ಸರೋಜ, ಹೈಸ್ಕೂಲಿನ ಗಣಿತ ಟೀಚರ್, ವಾರದಿಂದ ಅವನು ಒಳಗೆ ಬಂದರೆ ಸಾಕು, ಒಂದು ಚೀಟಿಯನ್ನು ಪುಸ್ತಕದೊಳಗೆ ತುರುಕುತ್ತಿದ್ದಳು!

"ಎಂತ ಅದ್?"

"ನಿಮ್ಗೆ ಬೇಡದ್ದ್."

ಬೇಡದ್ದಂತೆ! ಸೋಮವಾರ ಅವಳು ಶಾಲೆಗೆ ಹೋದದ್ದೇ ತಡ, ಸುಧೀರ ಪುಸ್ತಕದ ಕಿವಿರು ಎತ್ತಿದ. ಚೀಟಿಯಲ್ಲಿ ಹೆಸರಿಲ್ಲ, ಊರಿಲ್ಲ. 8589869056! ಸುತ್ತ ಕೆಂಪು ಶಾಯಿಯ ವೃತ್ತ ಬೇರೆ! ಹತ್ತು ಅಂಕಿ, ಎಂಟರಿಂದ ಶುರು. ಮೊಬೈಲ್ ನಂಬರಲ್ಲದೆ ಮತ್ತೇನು? ಹದಿನೆಂಟು ವರ್ಷದ ಸಂಸಾರ ಕೈಬಿಟ್ಟೇ ಹೋಯಿತೆಂದು ಅವನಿಗೆ ಅಳುವೇ ಬಂತು.

ಫೋನ್ ಮಾಡಿದ. "ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ" ಎಂದಿತು ಒಂದು ಹೆಣ್ಣು ದನಿ. ಓಹೋ, ಕಳ್ಳ ಸಿಮ್ಮೇ ಬದಲಿಸಿದ್ದಾನೆ!

ಮೊಬೈಲ್ ಅಂಗಡಿಯ ರತೀಶನ ಬಳಿ ಓಡಿದ. "ಇದ್ ಯಾರ್ ನಂಬ್ರ ಕಾಣ್ ಮಾರಾಯ. ಗುಟ್ಟಿರ್ಲಿ."

"ಗುಟ್ಟಾ? ನನ್ಹತ್ರ ಬಿಡಿ!" ಎಂದ ರತೀಶ, ಊರಿನ ವಾಟ್ಸಾಪ್ ಗುಂಪಿಗೇ ಹಾಕಿಬಿಟ್ಟ: 'ಈ ನಂಬರ್ ಯಾರದ್ದು? ಸುಧೀರಣ್ಣನಿಗೆ ತುರ್ತಾಗಿ ಬೇಕು.' ಮಧ್ಯಾಹ್ನದೊಳಗೆ ಶಿರೂರಿನಿಂದ ತಲ್ಲೂರಿನವರೆಗೆ ಮುನ್ನೂರು ಜನ ಅದನ್ನು ಒತ್ತಿ ನೋಡಿದ್ದರು!

ಸಂಜೆ ಸರೋಜ ಚಪ್ಪಲಿ ಕಳಚುವ ಮೊದಲೇ ಗುಡುಗಿದಳು. "ಹ್ವಾಯ್! ನಾಳಿನ ಗಣಿತ ಕ್ವಿಜ್ಜಿನ ಉತ್ರ ಊರಿಗೆಲ್ಲ ಹಂಚಿದ್ದ್ ನೀವೇ ಅಲ್ದಾ?"

"ಕ್ವಿಜ್ಜಾ? ಹಂಗಾರೆ ಆ ಗಂಡ್ಸ್ ಯಾರ್?"

"ಯಾವ ಗಂಡ್ಸ್? ಅದ್ ಪರಿಪೂರ್ಣ ಸಂಖ್ಯೆ ಮಾರಾಯ್ರೆ! ಆರನ್ನ ಕಾಣಿ. ಆರನ್ನೇ ಬಿಟ್ಟ್, ಅದನ್ನ ಶೇಷ ಇಲ್ದೆ ಭಾಗ್ಸುವ ಒಂದು, ಎರಡು, ಮೂರನ್ನ ಕೂಡ್ಸಿರೆ ಮತ್ತೆ ಆರೇ ಬತ್ತ್. ಇದೂ ಹಂಗೇ, ಅಂಥದ್ರ ಸಾಲಲ್ಲಿ ಆರನೇದ್. ಮಕ್ಳಿಗೆ ಗೊತ್ತಾಪ್ದ್ ಬೇಡ ಅಂತ ಅಡಗ್ಸಿಟ್ರೆ, ನೀವ್ ಮಕ್ಳ ಅಪ್ಪ ಅಮ್ಮನಿಗೂ ಬಾಯಿಪಾಠ ಮಾಡ್ಸಿರಿ! ಇನ್ನ್ ಹೊಸ ಪ್ರಶ್ನೆ ಮಾಡ್ಕ್ ನಾನ್!"

ಸುಧೀರನಿಗೆ ಹೋದ ಜೀವ ಬಂತು. ಹಲ್ಲು ಕಿರಿದು ಹತ್ತಿರ ಸರಿದ. "ಹಂಗಾರೆ, ನಾನ್ ಎಂತಾ ಸಂಖ್ಯೆ?"

ಸರೋಜ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮೊಳಗಿನ ಸಂಶಯ ಒಂದ್ ಬಿಟ್ಟ್, ಉಳ್ದದ್ದೆಲ್ಲ ಕೂಡ್ಸಿರೆ ಸೊನ್ನೆ!"