ಎಂಟು ಗಂಟೆಯ ಮಾತ್ರೆ

ಒಂದೇ ಕಡೆ ಕೂರುವ ಮನುಷ್ಯನ ಬಾಗಿಲಿಗೆ ನಗೆಪಾಟಲು ತಾನಾಗಿ ಬರುವುದು ಅಪರೂಪ. ನನ್ನಂಥ ತಿರುಗುವವನಿಗೆ ಅದು ದಾರಿಯ ಧೂಳಿನ ಹಾಗೆ, ಕೊಡವಿಕೊಂಡಷ್ಟೂ ಮೆತ್ತುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಲಾರಿ ಕ್ಲೀನರ್ ಆದೆ, ಮದುವೆ ಮನೆಯಲ್ಲಿ ಬಡಿಸಿದೆ, ಯಾವುದರಲ್ಲೂ ಕಾಲು ನಿಲ್ಲಲಿಲ್ಲ. ಈಗ ಶಿರಸಿ, ಯಲ್ಲಾಪುರ ಅಂತ ಸಂತೆ ಸಂತೆ ತಿರುಗಿ ನೈಟಿ ಮಾರುತ್ತೇನೆ. ನನ್ನ ಹೆಂಡತಿ ನನ್ನ ಹಾಗಲ್ಲ. ಸಿದ್ದಾಪುರದ ಬಸ್ ಸ್ಟ್ಯಾಂಡ್ ಎದುರು ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮಗಳು ಈಗಷ್ಟೇ ಬಾಲವಾಡಿಗೆ ಹೋಗಲು ಶುರು ಮಾಡಿದ್ದಾಳೆ.

"ಅಂಗಡಿ ಕಾಲೂರುವ ತನಕ ಇನ್ನೊಂದು ಬೇಡ. ಹೊಟ್ಟೆ ಇಟ್ಕಂಡು ಮಷಿನ್ ತುಳಿಯೋದು ನನ್ನಿಂದ ಆಗ್ತಿಲ್ಲೆ" ಅಂದಳು ಹೆಂಡತಿ. ಡಾಕ್ಟರು ಬಿಪಿ ನೋಡಿ, ಅದೂ ಇದೂ ವಿಚಾರಿಸಿ ಗರ್ಭ ನಿಲ್ಲದ ಮಾತ್ರೆ ಬರೆದುಕೊಟ್ಟರು. ಆಮೇಲಿನ ಕಥೆಯೇ ಇದು.

ಹೆಂಚು

ಕೆಲವು ವಾರ ಬಿಟ್ಟು ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದರು. ನಾನೂ ಅವತ್ತು ಅಪರೂಪಕ್ಕೆ ಮನೆಯಲ್ಲಿದ್ದೆ. ಮಾತ್ರೆ ಹಾಳೆ ತೋರಿಸು ಅಂದರು. ನೋಡಿದರೆ ಮುಕ್ಕಾಲು ಪಾಲು ಹಾಗೇ ಇದೆ.

"ಇದೆಂತ ಮಾರಾಯ್ತಿ, ತಗಳ್ತಾ ಇಲ್ವಾ?"

"ತಗಳ್ತೆ ಸಿಸ್ಟರೇ. ಇವರು ಊರಲ್ಲಿದ್ದ ದಿನ ತಪ್ಪಿಸ್ಲೇ ಇಲ್ಲ. ಇಲ್ಲದಿದ್ದ ದಿನ ಸುಮ್ನೆ ಎಂತಕ್ಕೆ ದಂಡ ಮಾಡೋದು?"

ಸಿಸ್ಟರ್ ಹಣೆ ಒತ್ತಿಕೊಂಡರು. "ಇದು ಕೊಡೆ ಅಲ್ಲ, ಮಳೆ ಬಂದಾಗ ಬಿಚ್ಚೋದಕ್ಕೆ. ಮಾಡಿನ ಹೆಂಚು ಇದ್ದಂಗೆ. ಗಂಡ ಇರ್ಲಿ, ಇಲ್ದೆ ಇರ್ಲಿ, ದಿನಾ ಒಂದು, ಅದೇ ಹೊತ್ತಿಗೆ. ನಡುನಡುವೆ ಬಿಟ್ರೆ ಸೋರದೆ ಇರ್ತದಾ?"

ಸಿಸ್ಟರ್ ಚೀಲದಿಂದ ಪಟ್ಟಿ ತೆಗೆದು ಗರ್ಭ ಪರೀಕ್ಷೆ ಮಾಡಿಸಿದರು. ಒಂದು ಗೆರೆಯೋ ಎರಡೋ ಎಂದು ಹೆಂಡತಿ ಒಳಗೆ ಕಾಯುತ್ತಿದ್ದಳು. ನಾನು ಅಂಗಳದಲ್ಲಿ ಸುತ್ತು ಹೊಡೆದದ್ದೇ ಹೊಡೆದದ್ದು. ಒಂದೇ ಗೆರೆ, ಬಸುರಿಲ್ಲ. ಹೊಸ ಹಾಳೆಯಿಂದ ಶುರು ಮಾಡಿ, ಮೊದಲ ಒಂದು ವಾರ ನಿರೋಧ್ ಬಳಸಿ, ಮುಟ್ಟು ತಡವಾದರೆ ಮತ್ತೆ ಪರೀಕ್ಷೆ ಮಾಡಿಸಿ ಎಂದು ಹೇಳಿ ಎದ್ದರು.

ಹೋಗುವಾಗ ನನ್ನ ಕಡೆ ತಿರುಗಿ ಅಂದರು, "ಈ ಸಲ ಕಾಪಾಡಿದ್ದು ಮಾತ್ರೆ ಅಲ್ಲ, ನಿನ್ನ ತಿರುಗಾಟ."

ಬಣ್ಣದ ಮಾತ್ರೆ

ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಾಗ ಉಮ್ಮಚಗಿಯಿಂದ ನನ್ನ ಅಕ್ಕ ನಾಲ್ಕು ದಿನ ಮೊದಲೇ ಬಂದಳು. ಪೂಜೆಯ ಹೊತ್ತಿಗೇ ಅವಳ ಮುಟ್ಟಿನ ದಿನ. ಮುಂದೆ ಹಾಕುವ ಮಾತ್ರೆ ಹುಡುಕುತ್ತಾ ಮಷಿನ್ನಿನ ಡ್ರಾಯರಿನಲ್ಲಿದ್ದ ಹಾಳೆಗೆ ಕೈ ಹಾಕಿದಳು. ಅದರಲ್ಲಿ ಬಿಳಿಯವು ಬಹಳ, ಕೊನೆಯ ಸಾಲಿನಲ್ಲಿ ಕಂದು ಬಣ್ಣದವು. ಬಣ್ಣ ಗಾಢ ಇದ್ದರೆ ಔಷಧಿ ಜೋರಿರುತ್ತದೆ ಎಂಬುದು ಅಕ್ಕನ ಲೆಕ್ಕ. ಯಾರಿಗೂ ಹೇಳದೆ ಕಂದು ಮಾತ್ರೆಯನ್ನೇ ದಿನಕ್ಕೊಂದರಂತೆ ನುಂಗಿದಳು.

ಪೂಜೆಯ ಬೆಳಿಗ್ಗೆ ನೋಡಿದರೆ ಅಕ್ಕ ಜಗಲಿಯ ಮೂಲೆಯಲ್ಲಿ ಬೇರೆ ಕೂತಿದ್ದಾಳೆ.

"ನಿನ್ನ ಮಾತ್ರೆ ಖೊಟ್ಟಿ" ಎಂದು ನನ್ನ ಹೆಂಡತಿಯ ಮೇಲೇ ಹರಿಹಾಯ್ದಳು.

ಹೆಂಡತಿ ಓಡಿಹೋಗಿ ಹಾಳೆ ನೋಡಿ ಉಸಿರು ಬಿಟ್ಟಳು. "ಪುಣ್ಯಕ್ಕೆ ಬಿಳಿದು ಮುಟ್ಟಲಿಲ್ಲೆ. ಅತ್ತಿಗೆ, ಕೆಲಸ ಮಾಡೋದು ಬಿಳಿ ಮಾತ್ರೆ. ಕಂದುದು ಬರೀ ಕಬ್ಬಿಣದ್ದು. ದಿನಾ ನುಂಗೋ ರೂಢಿ ತಪ್ಪಬಾರದು ಅಂತ ಇಡ್ತಾರೆ. ಅದು ಮುಗಿದ ಮರುದಿನವೇ ಹೊಸ ಹಾಳೆ."

ಕಬ್ಬಿಣ ಮಾತ್ರ ಅಕ್ಕನಿಗೆ ಚೆನ್ನಾಗಿ ಹತ್ತಿತ್ತು. ಭಟ್ಟರು ಒಳಗೆ ಹೇಳುವ ಮಂತ್ರಕ್ಕಿಂತ ಅಕ್ಕ ಜಗಲಿಯಿಂದ ಕೊಡುತ್ತಿದ್ದ ಸೂಚನೆಯೇ ಊರಿಗೆ ಕೇಳಿಸಿತು.

ಬಳೆಗಾರ್ತಿಯ ಬಿಪಿ

ಹೊಲಿಗೆಗೆ ಕೂತರೆ ಹೆಂಡತಿಗೆ ಊಟವೇ ನೆನಪಿರುವುದಿಲ್ಲ, ಇನ್ನು ಮಾತ್ರೆ ಎಲ್ಲಿ? ನೆನಪು ಮಾಡುವ ಡ್ಯೂಟಿ ನನಗೆ ಬಿತ್ತು. ರಾತ್ರಿ ಎಂಟಕ್ಕೆ ಎಲ್ಲಿದ್ದರೂ ಫೋನು. ನನ್ನದು ಸಂತೆಯಲ್ಲಿ ಕೂಗಿ ಕೂಗಿ ಬೆಳೆದ ಗಂಟಲು, ಮೆತ್ತಗೆ ಮಾತಾಡಲು ಬರುವುದಿಲ್ಲ. "ಮಾತ್ರೆ ತಗಂಡ್ಯ?" ಅಂದರೆ ಇಡೀ ಸಾಲಿನ ಅಂಗಡಿಯವರು ತಿರುಗುತ್ತಿದ್ದರು.

ಒಂದು ಸಂಜೆ ಗಿರಾಕಿಯ ಜೊತೆ ಚೌಕಾಶಿಯಲ್ಲಿ ನಾನೂ ಮರೆತೆ, ಅವಳೂ ಮರೆತಳು. ಬೆಳಿಗ್ಗೆ ಗಾಬರಿಯಾಗಿ ಫೋನು ಮಾಡಿದಳು. ಸಿಸ್ಟರ್‌ಗೆ ಕೇಳಿದರೆ, "ನೆನಪಾದ ಕೂಡ್ಲೇ ನಿನ್ನೆದು ನುಂಗು, ಇವತ್ತಿಂದು ಇವತ್ತಿನ ಹೊತ್ತಿಗೆ. ಒಂದೇ ತಪ್ಪಿದ್ದಲ್ವಾ, ಹೆದರಬೇಡ. ಹೆಚ್ಚು ತಪ್ಪಿದ್ರೆ ನನ್ನನ್ನ ಕೇಳು" ಅಂದರು.

ಅವತ್ತಿನಿಂದ, ಸಂತೆ ಸಂತೆಗೂ ನನ್ನ ಪಕ್ಕವೇ ಕೂತು ಬಳೆ ಮಾರುವ ಮುದುಕಿ ಕಾವಲಿಗೆ ನಿಂತಳು. "ತಮಾ, ಎಂಟಾಯ್ತು, ಕೇಳು." ಹೀಗೇ ತಿಂಗಳುಗಟ್ಟಲೆ.

ಒಂದಿನ ಅವಳೇ ಅಂದಳು, "ನಿನ್ನ ಹೆಂಡತಿದು ಎಂತಾಯ್ತೋ ಗೊತ್ತಿಲ್ಲ. ನೀ ಕೂಗಿದಾಗೆಲ್ಲ ನಾನೂ ನನ್ನ ಮಾತ್ರೆ ನುಂಗಿ, ನನ್ನ ಬಿಪಿ ಇಳೀತು ನೋಡು."

ಬಸ್ಸಿನ ಟಪಾಲು

ಕಳೆದ ಮಳೆಗಾಲ, ಯಲ್ಲಾಪುರದಲ್ಲಿ ನನ್ನ ಫೋನು ನೀರಿಗೆ ಬಿತ್ತು. ಬಳೆಗಾರ್ತಿ ತನ್ನ ಫೋನು ಕೊಟ್ಟಳು. ಆದರೆ ಹೆಂಡತಿಯ ನಂಬರು ನನ್ನ ತಲೆಯಲ್ಲಿರಲಿಲ್ಲ, ಸತ್ತ ಫೋನಿನ ಹೊಟ್ಟೆಯಲ್ಲಿತ್ತು. ಅಂಗಡಿಯಲ್ಲಿ ಶಾಲೆ ಯೂನಿಫಾರ್ಮಿನ ರಾಶಿ ಬಿದ್ದಿತ್ತು. ಅವಳು ಮರೆಯುವುದು ಖಂಡಿತ. ಸಿದ್ದಾಪುರದ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರ್ ಹಾವೇರಿ ಕಡೆಯವನು. ಕಿವಿಯಲ್ಲಿ ಹೇಳಿದೆ.

"ಬಸ್ ಸ್ಟ್ಯಾಂಡ್ ಎದುರು ಟೇಲರ್ ಅಂಗಡಿ. ಮಾತ್ರೆ ತಗಳ್ಳೋಕೆ ಹೇಳಿ."

"ಹೇಳ್ತೀನ್ರಿ. ಏನ್ ಬ್ಯಾನಿ ಅವರಿಗೆ?"

"ಬ್ಯಾನಿ ಇಲ್ಲ."

"ಬ್ಯಾನಿ ಇಲ್ದ ಮಾತ್ರಿ ಯಾಕ್ರಿ?"

ನಾನು ಕೆಮ್ಮಿದೆ. ಅವನಿಗೆ ತಿಳಿಯಿತು.

ಮರುದಿನ ಬಸ್ಸು ತಿರುಗಿ ಬಂತು. ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ, ತುಂಬಿದ ಬಸ್ಸು ಕೇಳುವ ಹಾಗೆ ವರದಿ ಒಪ್ಪಿಸಿದ. "ತಗೊಂಡಾರ್ರಿ, ನನ್ನ ಎದುರಿಗೇ. ಆದ್ರ ಒಂದು ಮಾತು ಕೇಳ್ಯಾರ. ಮಾತ್ರಿ ದಿನಾ ತಪ್ಪದ ಬರ್ತೈತಿ, ಮನಷ್ಯಾ ಯಾವಾಗ ಬರ್ತಾನ ಅಂತ."

ಬಳೆಗಾರ್ತಿ ಆಗಲೇ ನನ್ನ ನೈಟಿ ಗಂಟು ಕಟ್ಟುತ್ತಿದ್ದಳು. ಅದೇ ಬಸ್ಸು ಹತ್ತಿದೆ. ಶಿರಸಿ ದಾಟುವ ತನಕ ತಲೆ ಎತ್ತಲಿಲ್ಲ. ಸಿದ್ದಾಪುರದಲ್ಲಿ ಸದ್ದಿಲ್ಲದೆ ಇಳಿಯೋಣ ಅಂದುಕೊಂಡಿದ್ದೆ. ಕಂಡಕ್ಟರ್ ಬಿಡಬೇಕಲ್ಲ. ಸೀಟಿ ಊದಿ, ಟೇಲರ್ ಅಂಗಡಿಯ ಕಡೆ ಕೈ ಮಾಡಿ ಕೂಗಿದ.

"ಅಕ್ಕಾರ, ಇವತ್ತಂತೂ ಮಾತ್ರಿ ಮರೀಬ್ಯಾಡ್ರಿ. ಆಸಾಮಿ ಬಂದಾನ."