ವಾಂತಿ ಬಾರದ ಕಾರಿನ ಹುಡುಕಾಟ

ಕಾರು ಕೊಳ್ಳದೆಯೇ ಏಳು ತಿಂಗಳು ಹೊಸ ಕಾರಿನಲ್ಲಿ ಓಡಾಡಿದ ಗಂಡಸು ಬಳ್ಳಾರಿಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಮನೆಯವರೊಬ್ಬರೇ! ಭಾನುವಾರ ಬಂತೆಂದರೆ ಗಾಂಧಿನಗರದ ನಮ್ಮ ಮನೆ ಮುಂದೆ ಟೆಸ್ಟ್ ಡ್ರೈವ್ ಗಾಡಿಯೊಂದು ನಿಲ್ಲಲೇಬೇಕು. ಒಂದು ವಾರ ಬರೀ ಕರೆಂಟಿನದು, ಮರುವಾರ ಪೆಟ್ರೋಲು, ಕರೆಂಟು ಎರಡೂ ಇರುವ ಹೈಬ್ರಿಡ್. ಎದುರುಮನೆಯವರು ನಮಗೆ ಎರಡು ಎಸ್‌ಯುವಿ ಇವೆಯೆಂದೇ ತಿಳಿದಿದ್ದರು. ಇವರೂ ಇಲ್ಲ ಅನ್ನುತ್ತಿರಲಿಲ್ಲ.

ಆ ಶನಿವಾರ ಸಂಜೆಯೂ ಹಾಗೇ. ಇವರು ಕಟ್ಟೆಯ ಮೇಲೆ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಶೋರೂಮಿನ ಸೇಲ್ಸ್ ಹುಡುಗಿಗೆ ಫೋನ್ ಹಚ್ಚಿದ್ದರು.

“ತಂಗೀ, ನಾಳೆ ಕರೆಂಟಿನ ಗಾಡಿ ತಗೊಂಡು ಬಾರವ್ವ. ಹೋದ ವಾರ ಹೈಬ್ರಿಡ್ ಆತು. ಇದ ಕಡೀದು, ನಾಳೆ ಹೇಳಿಬಿಡ್ತೀನಿ.”

ಈ ‘ಕಡೀದು’ ಅನ್ನುವ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ! ನಾನು ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದೆ.

“ಅಲ್ರೀ, ಒಂದು ಜೋಡಿ ಎತ್ತು ಆರಿಸಾಕ ನಮ್ಮಪ್ಪಗ ಒಂದು ಸಂತಿ ಸಾಕಾಗ್ತಿತ್ತು. ನಿಮಗ ಒಂದು ಕಾರು ಆರಿಸಾಕ ಏಳು ತಿಂಗಳೇನ್ರಿ?”

“ಅಳಿಯನ್ನ ಆರಿಸಾಕ ಎಷ್ಟು ದಿನ ತಗೊಂಡಿದ್ದ ನಿಮ್ಮಪ್ಪ?”

“ಎಲ್ಲಿ ಆರಿಸಿದ? ನೀವ ಬಂದು ಕುಂತ್ರಿ!”

ಇಬ್ಬರೂ ನಕ್ಕೆವು. ಬೇಳೆ ಆರಿಸಿ ಮುಗಿಯಿತು, ಮಂಡಕ್ಕಿ ತಟ್ಟೆ ತೊಳೆದಿಟ್ಟೆ. ಅದು ನಮ್ಮ ಮನೆಯ ಕೊನೆಯ ಸಾದಾ ದಿನ ಅಂತ ಯಾರಿಗೆ ಗೊತ್ತಿತ್ತು?

ಇಷ್ಟಕ್ಕೂ ಕಾರು ಬೇಕಾಗಿದ್ದದ್ದು ನನಗೆ. ನನ್ನದೊಂದು ಹೊಟ್ಟೆಯಿದೆ, ಗಾಲಿಯಿರುವ ಯಾವುದನ್ನು ಕಂಡರೂ ಅದಕ್ಕೆ ಆಗುವುದಿಲ್ಲ. ಬಸ್ಸಿರಲಿ, ಜೀಪಿರಲಿ, ಬಂಧುಗಳ ಕಾರಿರಲಿ, ಊರು ದಾಟುವುದರೊಳಗೆ ವಾಂತಿ. ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಒಬ್ಬ ನನ್ನನ್ನು ಕಂಡೊಡನೆ ಟಿಕೆಟ್ಟಿಗಿಂತ ಮೊದಲು ಕಿಟಕಿ ಸೀಟು ಕೊಡಿಸುತ್ತಿದ್ದ! ನನ್ನ ತವರು ಸಿರುಗುಪ್ಪದ ಹತ್ತಿರದ ದೇಶನೂರು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಅವಳಿಗೆ ಮಂಡಿ ನೋವು, ಇಲ್ಲಿಗೆ ಬರಲಾರಳು. ನನಗೆ ಈ ಹೊಟ್ಟೆ, ಅಲ್ಲಿಗೆ ಹೋಗಲಾರೆ. ತಪ್ಪಿಸಲಾಗದ ಮದುವೆ, ಮಣ್ಣುಗಳಿಗೆ ಹೋದರೆ ಮೊದಲ ದಿನ ಚಾಪೆ ಹಿಡಿದು ಮಲಗುವುದು, ಮರುದಿನ ವಾಪಸ್ ಹೊರಡಬೇಕಲ್ಲ ಎಂದು ಹೆದರಿ ಮಲಗುವುದು. ಅಕ್ಕ ಬಡಿಸಿದ ಊಟ ನನ್ನ ಮುಂದೆ ಆರಿಹೋಗುತ್ತಿತ್ತು. ಅವಳು ಸೆರಗಿನಲ್ಲಿ ಗಾಳಿ ಹಾಕುತ್ತ ಕೂರುತ್ತಿದ್ದಳು. ಒಡಹುಟ್ಟಿದವರ ಭೇಟಿಯೇ ಇದು?

ಇವರು ಎಲ್ಲ ಮದ್ದನ್ನೂ ಮಾಡಿದ್ದರು. ನಿಂಬೆಹಣ್ಣು, ಹುಣಸೆಹಣ್ಣು, ಶುಂಠಿ. ಪೇಪರ್ ಹಾಸಿಕೊಂಡು ಕೂತರೆ ವಾಂತಿ ಬರುವುದಿಲ್ಲ ಎಂದು ಯಾರೋ ಹೇಳಿದರು, ಅದನ್ನೂ ಮಾಡಿದೆ. ಆದರೂ ಬಂತು.

“ಕನ್ನಡ ಪೇಪರ್ ತೆಳ್ಳಗ ಇರತೈತಿ. ಮುಂದಿನ ಸಲ ತೆಲುಗು ಪೇಪರ್ ಹಾಸ್ಕೊಂಡು ಕುಂದ್ರು,” ಅಂದರು. ಕೂತೆ. ಬಳ್ಳಾರಿಯಲ್ಲಿ ಎರಡೂ ಭಾಷೆ ನಡೆಯುತ್ತವೆ, ನನ್ನ ಹೊಟ್ಟೆಗೆ ಮಾತ್ರ ಯಾವುದೂ ತಿಳಿಯಲಿಲ್ಲ.

ಇವರದು ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ನಮ್ಮ ಲಗ್ನವಾದದ್ದೂ ಒಂದು ಸುಟ್ಟ ಮೋಟಾರಿನಿಂದ. ನಮ್ಮಪ್ಪನ ಮೋಟಾರು ಒಯ್ಯಲು ದೇಶನೂರಿಗೆ ಬಂದರು, ತಂದು ಕೂರಿಸಲು ಬಂದರು. ಆಮೇಲೆ ಅದರ ಸದ್ದು ಸರಿಯಿದೆಯೇ ಕೇಳಲು ಬಂದರು. ಸರಿಯಿದ್ದ ಸದ್ದನ್ನು ಕೇಳಲು ಐದನೆಯ ಸಲ ಬಂದಾಗ ನಮ್ಮಪ್ಪ ಅವ್ವನಿಗೆ ಅಂದ: “ಮೋಟಾರಿಗೆ ಏನೂ ಆಗಿಲ್ಲ. ಈ ಹುಡುಗಗ ಏನೋ ಆಗೈತಿ.”

ವಯಸ್ಸಾಯಿತೆಂದು ಅಂಗಡಿ ಮುಚ್ಚಿದ ದಿನ ಇವರು ಮನೆಗೆ ಬಂದವರೇ ಘೋಷಿಸಿದರು: “ನಿನಗ ವಾಂತಿ ಬರಲಾರದಂಥಾ ಗಾಡಿ ತರ್ತೀನಿ. ತಿಂಗಳಿಗೊಮ್ಮೆ ದೇಶನೂರು. ನಿಮ್ಮಕ್ಕ ಸಾಕು ಸಾಕು ಅನ್ನಬೇಕು!”

ಮೋಟಾರಿನವರಿಗೆ ಒಂದು ಪದ್ಧತಿಯಿದೆ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರೆ ಒಳಗಿನ ಬೇರಿಂಗ್ ಸವೆದದ್ದು ಕೇಳಿಸುತ್ತದೆಯಂತೆ. ಇವರು ಶೋರೂಮಿಗೂ ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋದರು. ಫಳಫಳ ಹೊಳೆಯುವ ಬಿಳಿ ಕರೆಂಟಿನ ಗಾಡಿ. ಬಾನೆಟ್ಟಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ ಬಾಗಿದರು! ಸೇಲ್ಸ್ ಹುಡುಗಿ ಓಡಿಬಂದಳು.

“ಸರ್, ಸರ್! ಪೇಂಟ್ ಹೋಗತೈತ್ರಿ!”

“ಸುಮ್ಕಿರವ್ವ. ಡಾಕ್ಟರು ಎದಿ ನೋಡುವಾಗ ಅಂಗಿ ಸುಕ್ಕಾಗತೈತಿ ಅಂತ ಒದರ್ತಾರೇನು? ಮೊದ್ಲು ಗಾಡಿ ಚಾಲು ಮಾಡು.”

“ಚಾಲೂನ ಐತ್ರಿ ಸರ್!”

ಇವರು ಮತ್ತೆ ಕಿವಿಯಿಟ್ಟರು. ಏನೂ ಇಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಸ್ಕ್ರೂಡ್ರೈವರ್ ಇವರಿಗೆ ಏನನ್ನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಅವಮಾನವಾದವರಂತೆ ಒಂದೇ ರೊಟ್ಟಿ ಉಂಡು ಎದ್ದರು.

ಅಲ್ಲಿಂದ ಶುರುವಾಯಿತು ಚರ್ಚೆ. ಕರೆಂಟೋ, ಹೈಬ್ರಿಡ್ಡೋ? “ಕರೆಂಟಿನ ಮೋಟಾರು ಮರ್ಯಾದಸ್ಥ. ಹೊಗಿ ಇಲ್ಲ, ವಾಸನಿ ಇಲ್ಲ. ಆದ್ರ ಕರೆಂಟ್ ಹೋತಂದ್ರ ಮುನಿಸ್ಕೊಂಡು ಕುಂತುಬಿಡತೈತಿ. ಎಂಜಿನ್ನು ಗಲಾಟಿ ಮಾಡತೈತಿ, ಖರೆ, ಆದ್ರ ಗದ್ದಿ ಒಣಗಾಕ ಬಿಡಂಗಿಲ್ಲ. ಹೈಬ್ರಿಡ್ ಅಂದ್ರ ಎರಡನ್ನೂ ಒಂದ ಬಾವಿ ಮ್ಯಾಲ ಕುಂದ್ರಿಸಿದಂಗ.”

ಮಗಳು ಕೇಳಿದಳು: “ಅಪ್ಪಾ, ನೀ ಕಾರು ತಗೊಳಾಕತ್ತೀಯೋ, ಗದ್ದಿಗೆ ನೀರು ಬಿಡಾಕತ್ತೀಯೋ?”

ಇವರ ಚಿಂತೆ ಬೇರೆಯೇ. ಹೈಬ್ರಿಡ್‌ನಲ್ಲಿ ಎಂಜಿನ್ನು ನಡುದಾರಿಯಲ್ಲಿ ಗುರ್ರ್ ಅಂತ ಎದ್ದರೆ ನನ್ನ ಹೊಟ್ಟೆ ಎದ್ದೀತೇ? ಕರೆಂಟಿನ ಗಾಡಿಯಲ್ಲಿ ಕಾಲು ತೆಗೆದೊಡನೆ ಗಾಡಿ ತಾನೇ ಹಿಂದಕ್ಕೆ ಜಗ್ಗಿ ನಿಧಾನವಾಗುತ್ತದೆ, ಆಗ ನನ್ನ ಹೊಟ್ಟೆ ಮಾತ್ರ ಮುಂದೆ ಹೋದೀತೇ? ಇದನ್ನು ಓದಿ ತಿಳಿಯಲಾಗುವುದಿಲ್ಲ, ನನ್ನನ್ನು ಕೂರಿಸಿಯೇ ನೋಡಬೇಕು. ಹೀಗೆ ಪ್ರತಿ ಭಾನುವಾರ ಇವರು ಸ್ಟೇರಿಂಗ್ ಹಿಡಿಯುವುದು, ನಾನು ಪಕ್ಕದಲ್ಲಿ, ಸೇಲ್ಸ್ ಹುಡುಗಿ ಹಿಂದೆ. ಕುರುಗೋಡಿನವರೆಗೆ ಹೋಗಿ ತಿರುಗುವುದು. ಅದರಾಚೆಗೆ ಒಯ್ಯಲು ಶೋರೂಮಿನವರ ಅಪ್ಪಣೆಯಿಲ್ಲ. ಅಷ್ಟು ದೂರ ಬಿಟ್ಟದ್ದೇ ಇವರ ಬಾಯಿಯ ಜೋರಿಗೆ.

ಆ ಬಾಯಿ ದಾರಿಯುದ್ದಕ್ಕೂ ಮುಚ್ಚುತ್ತಿರಲಿಲ್ಲ. ಆ ರಸ್ತೆಯ ಬದಿಯ ಪಂಪ್‌ಸೆಟ್ಟುಗಳ ಜಾತಕವೆಲ್ಲ ಇವರ ಬಳಿ ಇತ್ತು.

“ಅಲ್ಲಿ ನೋಡು, ಆ ಬೇವಿನ ಗಿಡದ ಕಡಿ. ಆ ಹೊಲದ ಮೋಟಾರು ಮೂರು ಸಲ ಸುಟ್ಟಿತ್ತು. ಮೂರನೇ ಸಲ ಬಿಚ್ಚಿದ್ರ ಒಳಗ ಇಲಿ ಸಂಸಾರ ಹೂಡಿತ್ತು.”

“ಹೋದ ವಾರ ಓತಿಕ್ಯಾತ ಅಂದಿದ್ರಿ.”

“ಓತಿಕ್ಯಾತ ಬಾಡಿಗಿಗೆ ಇತ್ತು.”

ಹಿಂದೆ ಕೂತ ಹುಡುಗಿ ಕಿಸಕ್ಕೆಂದು ನಗುತ್ತಿದ್ದಳು. ಸುಳ್ಳು ಹಿಡಿಯುವ ಸಂಭ್ರಮದಲ್ಲಿ ನನಗೆ ದಾರಿನಡುವಿನ ಕೊಳಗಲ್ಲು ದಾಟಿದ್ದೇ ತಿಳಿಯುತ್ತಿರಲಿಲ್ಲ. ಕುರುಗೋಡಿನ ಗುಡ್ಡ ಕಂಡಾಗ ಇವರು ಗಾಡಿ ನಿಲ್ಲಿಸಿ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದರು.

“ಬಂತೇನು?”

“ಇಲ್ರಿ.”

ಕರೆಂಟಿನದರಲ್ಲೂ ಬರಲಿಲ್ಲ, ಹೈಬ್ರಿಡ್‌ನಲ್ಲೂ ಬರಲಿಲ್ಲ! ಬೇರೆಯವರಾದರೆ ಸಂತೋಷಪಟ್ಟು ಯಾವುದೋ ಒಂದನ್ನು ತರುತ್ತಿದ್ದರು. ಇವರಿಗೆ ತಲೆನೋವು ಹತ್ತಿತು. “ಎರಡೂ ಪಾಸಾದ್ರ ಆರಿಸೋದು ಹೆಂಗ?” ಕೊನೆಗೆ ವೈಂಡಿಂಗ್ ಅಂಗಡಿಯ ಉಪಾಯ ತೆಗೆದರು. ಮೋಟಾರನ್ನು ಬರಿದೇ ಓಡಿಸಿದರೆ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಭಾರ ಹಾಕಿ ಓಡಿಸಬೇಕು, ಅದು ಲೋಡ್ ಟೆಸ್ಟ್. ಇಲ್ಲಿ ಲೋಡ್ ಹಾಕುವುದು ಎಲ್ಲಿ? ನನ್ನ ಹೊಟ್ಟೆಗೆ! ಮೊದಲ ವಾರ ಎರಡು ಇಡ್ಲಿ. ಮುಂದಿನ ವಾರ ಪೂರಿ. ಆಮೇಲೆ ಮಿರ್ಚಿ ಬಜ್ಜಿ. ಕೊನೆಕೊನೆಗೆ ಹೋಳಿಗೆ, ತುಪ್ಪ, ಮೇಲೊಂದು ಲೋಟ ಹಾಲು.

“ಇನ್ನೊಂದು ಹೋಳಿಗಿ ಹಾಕ್ಕೋ. ಲೋಡ್ ಸಾಲವಲ್ದು.”

“ವಾಂತಿಗಿಂತ ಮೊದ್ಲು ಹೊಟ್ಟಿ ಒಡೀತೈತ್ರಿ!”

ಆದರೂ ಬರಲಿಲ್ಲ. ಮೂರು ಕಿಲೋ ತೂಕ ಮಾತ್ರ ಬಂತು. ಅಕ್ಕ ದೇಶನೂರಿನಿಂದ ದಿನವೂ ಫೋನ್ ಮಾಡುತ್ತಿದ್ದಳು: “ಯಾವುದರಾಗರ ಬರ್ರಿ. ಎತ್ತಿನಬಂಡ್ಯಾಗರ ಬರ್ರಿ!” ಇವರು, “ಅವಸರ ಮಾಡಬ್ಯಾಡ್ರಿ ಅಕ್ಕಾರ, ಅರ್ಧ ದಾರಿಯೊಳಗ ನಿಮ್ಮ ತಂಗಿ ಸೋತ್ರ ನನ್ನ ಮರ್ಯಾದಿ ಏನು?” ಅನ್ನುತ್ತಿದ್ದರು.

ಮಂಡಕ್ಕಿ ತಿಂದ ಆ ಶನಿವಾರದ ಮರುದಿನ, ಭಾನುವಾರ ಬೆಳಿಗ್ಗೆ, ಹೇಳಿದ ಸಮಯಕ್ಕೆ ಸರಿಯಾಗಿ ಕರೆಂಟಿನ ಗಾಡಿ ಬಂತು. ಮನೆ ಮುಂದೆ ಜನ ನಿಂತಿದ್ದರು. ಹಲ್ಲುಜ್ಜಲು ಹೋದ ಇವರು ಬಚ್ಚಲ ಬಾಗಿಲಲ್ಲೇ ಕುಸಿದಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೃದಯ ನಿಂತಿತ್ತು. ಆ ಸೇಲ್ಸ್ ಹುಡುಗಿ ಗಾಡಿಯಿಂದಿಳಿದು ವಿಷಯ ತಿಳಿದವಳು, ಬಂಧುಗಳ ಜೊತೆ ಕೂತು ಸಂಜೆಯವರೆಗೆ ಅತ್ತಳು.

ಕೆಲವು ತಿಂಗಳು ಕಳೆದ ಮೇಲೆ ಮಗಳು ಅಂದಳು: “ಅಮ್ಮಾ, ದೊಡ್ಡಮ್ಮನ್ನ ನೋಡ್ಕೊಂಡು ಬರೂಣು. ಅಪ್ಪನ ಆಸೆ ಇತ್ತಲ್ಲ. ಯಾವ ಗಾಡಿ ತಗೊಳ್ಳಲಿ?”

“ಯಾವುದಾದ್ರೂ ತಗೋ. ಎರಡೂ ಪಾಸಾಗ್ಯಾವು,” ಅಂದೆ.

ಅವಳು ಜಾಣೆ. ಕೊಳ್ಳುವ ಮೊದಲು ಒಮ್ಮೆ ತಾನೂ ಓಡಿಸಿ ನೋಡುತ್ತೇನೆಂದು ಕರೆಂಟಿನದನ್ನು ತರಿಸಿದಳು. ಅವಳ ಕೈ ಇವರದಕ್ಕಿಂತ ಮೃದು. ರಸ್ತೆಯ ಮೇಲೆ ಕಣ್ಣಿಟ್ಟು, ತುಟಿ ಬಿಗಿಹಿಡಿದು, ಒಂದು ಗುಂಡಿಯನ್ನೂ ಹಾಯಿಸದೆ ಓಡಿಸಿದಳು. ಬೆಳಿಗ್ಗೆ ನಾನು ತಿಂದದ್ದು ಒಂದೇ ಇಡ್ಲಿ. ಕೊಳಗಲ್ಲಿನ ಹತ್ತಿರ ಗಾಡಿ ನಿಲ್ಲಿಸಬೇಕಾಯಿತು. ಎಲ್ಲ ಹೊರಗೆ ಬಂತು.

ಮುಂದಿನ ಭಾನುವಾರ ಹೈಬ್ರಿಡ್. ಅದರಲ್ಲಿ ಕೊಳಗಲ್ಲೂ ಸಿಗಲಿಲ್ಲ.

“ಗಾಡಿ ಬದಲಾಗ್ಯಾವೇನು?” ಮಗಳು ಸೇಲ್ಸ್ ಹುಡುಗಿಯನ್ನು ಕೇಳಿದಳು.

“ಇಲ್ರಿ ಅಕ್ಕಾ. ಅವ ಗಾಡಿ, ಅವ ನಂಬರು,” ಅಂದವಳು ನನ್ನ ಕಡೆ ನೋಡದೆ ನೀರಿನ ಬಾಟಲಿ ಕೊಟ್ಟಳು.

ರಸ್ತೆಬದಿಯಲ್ಲಿ ಕೂತು ಬಾಯಿ ಮುಕ್ಕಳಿಸಿದೆ. ದೂರದಲ್ಲಿ ಯಾರದೋ ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ಅದು ಎಷ್ಟು ಸಲ ಸುಟ್ಟಿತ್ತೋ, ಅದರೊಳಗೆ ಯಾರು ಸಂಸಾರ ಹೂಡಿದ್ದರೋ, ಹೇಳುವವರಿರಲಿಲ್ಲ. ಏಳು ತಿಂಗಳು ನಾವು ತಪ್ಪು ಪರೀಕ್ಷೆ ಮಾಡಿದ್ದೆವು. ಹೋಳಿಗೆ, ತುಪ್ಪ, ಹಾಲು ಎಲ್ಲವನ್ನೂ ಹೊತ್ತು ನನ್ನನ್ನು ಕುರುಗೋಡಿಗೆ ಮುಟ್ಟಿಸುತ್ತಿದ್ದದ್ದು ಕರೆಂಟಲ್ಲ, ಪೆಟ್ರೋಲೂ ಅಲ್ಲ.

“ಬ್ಯಾರೆ ಕಂಪನಿದು ನೋಡೂಣೇನಮ್ಮಾ?” ಮಗಳು ಬೆನ್ನು ಸವರಿದಳು.

“ಬ್ಯಾಡವ್ವ. ಗಾಡಿದೇನೂ ತಪ್ಪಿಲ್ಲ.”

ಅಕ್ಕ ಈಗಲೂ ಫೋನ್ ಮಾಡುತ್ತಾಳೆ. ದೇಶನೂರಿಗೆ ಇನ್ನೂ ಹೋಗಿಲ್ಲ. ಪಕ್ಕದಲ್ಲಿ ಕೂತು ಮಾತಾಡಲು ಇವರಿಲ್ಲ.