ನನ್ನ ಮೀಸೆ ಕಳೆದ ಮೇಣದ ಬಣ್ಣದ ಕಾರ್ಖಾನೆಯವರಿಗೆ

ಅಫಜಲಪುರ, ವೈಶಾಖದ ಒಂದು ಶುಕ್ರವಾರ, ೧೯೮೬

ಇಪ್ಪತ್ನಾಲ್ಕು ಬಣ್ಣದ ಕಡ್ಡಿಗಳನ್ನು ಒಂದೇ ಡಬ್ಬಿಯಲ್ಲಿ ಜಗಳವಾಡದಂತೆ ಮಲಗಿಸಿರುವ ಮಾನ್ಯರೇ,

ತಮಗೂ ತಮ್ಮ ಕಾರ್ಖಾನೆಯ ಸಕಲ ಯಂತ್ರಗಳಿಗೂ ನನ್ನ ಶರಣು ಶರಣಾರ್ಥಿ. ನಾನು ಐದನೆಯ ಇಯತ್ತೆಯಲ್ಲಿ ಎರಡು ಸಲ ಕೂತು ಶಾಲೆ ಬಿಟ್ಟವನು, ಅಂಗಡಿಗಳ ಬೋರ್ಡು ಬರೆದು ಬದುಕುವವನು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮಟಕಿ ಊರಿನ ಶಿವಕಾಂತಾ ಎಂಬ ಕನ್ಯೆಯೊಂದಿಗೆ ನನ್ನ ಮದುವೆಯ ಮಾತು ನಡೆದಿದೆ. ಅವರ ಮನೆಯವರು ನನ್ನ ಫೋಟೋ ಕೇಳಿದರು. ಸ್ಟುಡಿಯೋದಲ್ಲಿ ಬೆಳಕು ಫಳ್ಳೆಂದಾಗಲೆಲ್ಲ, ಏನಾಗುತ್ತದೋ ಎಂಬ ಚಿಂತೆಯಿಂದ ಕಣ್ಣು ಮುಚ್ಚಿದ್ದರಿಂದ, ಮೂರು ಫೋಟೋಗಳಲ್ಲೂ ಲಿಂಗೈಕ್ಯನಾದವನ ಹಾಗೆ ಬಂದೆ. ಬೋರ್ಡಿನ ಬಣ್ಣದಲ್ಲಿ ಬರೆಯೋಣವೆಂದರೆ ಒಣಗಲು ದಿನ ಬೇಕು, ಮಾತುಕತೆಗೆ ಹೊರಟಿದ್ದ ಸೋದರಮಾವ ಜಗದೇವಪ್ಪನ ಬಸ್ಸು ಮರುದಿನವೇ ಇತ್ತು. ಆದ್ದರಿಂದ ಒಣಗಿಸುವ ಉಸಾಬರಿಯೇ ಇಲ್ಲದ ತಮ್ಮ ಡಬ್ಬಿ ತಂದು, ಕನ್ನಡಿ ಮುಂದೆ ಕೂತು, ನನ್ನ ಮುಖವನ್ನು ನಾನೇ ಬರೆದೆ.

ಅದರಲ್ಲಿ ‘ಮೈಬಣ್ಣ’ ಎಂದು ಅಚ್ಚು ಹಾಕಿದ ಎಳೆಗುಲಾಬಿ ಕಡ್ಡಿಯೊಂದಿತ್ತು. ಜೇವರ್ಗಿಯಿಂದ ಆಳಂದದವರೆಗೆ ಈ ಬಣ್ಣದ ಮೈಯನ್ನು ನಾನು ಕಂಡದ್ದು ಕಣ್ಣು ಬಿಡದ ಇಲಿಮರಿಗಳಲ್ಲಿ ಮಾತ್ರ. ಆದರೂ ಕಾರ್ಖಾನೆಯವರು ಕಲಿತವರು, ನನ್ನ ಮೈಯೇ ತಪ್ಪಿರಬಹುದೆಂದು ಹೆದರಿ, ಮುಖಕ್ಕೆಲ್ಲ ಅದನ್ನೇ ತಿಕ್ಕಿದೆ. ನಮ್ಮ ಅವ್ವ ಮಲ್ಕಮ್ಮ ನೋಡಿ, “ಇಂವ ಯಾರ ಮಗಾ ಲೇ? ನಾ ಹಡದಾಂವ ಹಿಂಗಿಲ್ಲ” ಎಂದಳು. ಮೇಲೆ ಕಂದು ಹಚ್ಚಿದರೆ ಅದು ಮೇಣದ ಮೇಲೆ ಜಾರಿತು, ಜಾರಿದಷ್ಟೂ ಒತ್ತಿದೆ. ಕೂದಲು, ಹುಬ್ಬು, ಮೀಸೆಗೆ ಕರಿ ಕಡ್ಡಿ ಅರ್ಧ ಸವೆಯಿತು. ಕಡೆಗೂ ಮುಖ ನನ್ನದಾಯಿತು. ಅವ್ವ ದೃಷ್ಟಿ ತೆಗೆದಳು.

ಬೀಗರಾಗುವವರ ಮನೆಗೆ ಬುತ್ತಿಯಿಲ್ಲದೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಚಿತ್ರ ಮಡಚಿಹೋಗಬಾರದೆಂದು ಅವ್ವ ಅದನ್ನು, ಆಗಷ್ಟೇ ಹಂಚಿನಿಂದ ಇಳಿದ ಎರಡು ಜೋಳದ ರೊಟ್ಟಿಗಳ ನಡುವೆ ಇಟ್ಟು ಬಿಗಿಯಾಗಿ ಗಂಟು ಕಟ್ಟಿದಳು.

ಮಾನ್ಯರೇ, ಮಟಕಿಯಲ್ಲಿ ಗಂಟು ಬಿಚ್ಚಿದಾಗ ಕಂದು, ಕಪ್ಪು ಎಲ್ಲವೂ ರೊಟ್ಟಿಗೆ ಹತ್ತಿದ್ದವಂತೆ. ಕಾಗದದ ಮೇಲೆ ನಿಷ್ಠೆಯಿಂದ ಉಳಿದದ್ದು ತಮ್ಮ ಮೈಬಣ್ಣ ಒಂದೇ. ಎಂಥ ಗಟ್ಟಿ ಮಾಲು! ಕನ್ಯೆಯ ಕಾಕಾ ದೌಲತರಾಯರು, “ಜಗದೇವಪ್ಪಾ, ಇಂವ ವರಾನೋ, ಬಾಣಂತಿ ಮಗ್ಗಲದಾಗಿಂದ ಎತ್ತಿಕೊಂಡು ಬಂದ ಕೂಸೋ?” ಎಂದು ಕೇಳಿದರಂತೆ. ಕಣ್ಣು ಮಂಜಾದ ಆಯಿ, ಅಂದರೆ ಕನ್ಯೆಯ ಅಜ್ಜಿ ಸುಭದ್ರಾಬಾಯಿ, “ರೊಟ್ಟಿ ಜರಾ ಹೊತ್ಯಾವ, ಇರಲಿ ಬಿಡ್ರಿ” ಎಂದು ನನ್ನ ಮೀಸೆಯನ್ನು ಶೇಂಗಾ ಹಿಂಡಿಯೊಂದಿಗೆ ಊಟ ಮಾಡಿದರಂತೆ.

ಬರುವ ಸೋಮವಾರ ನಾನು ಕನ್ಯೆ ನೋಡಲು ಹೋಗಬೇಕು. ಆಯಿಯ ಹೊಟ್ಟೆಯಲ್ಲಿ ಮೀಸೆ ಎಷ್ಟು ದಿನ ಇರುತ್ತದೆಂದು ದಯಮಾಡಿ ತಂತಿ ಕಳಿಸಿ ತಿಳಿಸಿರಿ. ಸಾಧ್ಯವಾದರೆ ಭಾನುವಾರದೊಳಗೆ ನನ್ನನ್ನೇ ತಮ್ಮ ಯಂತ್ರದೊಳಗೆ ಹಾಕಿ ಎಳೆಗುಲಾಬಿ ಮಾಡಿಕೊಡಿರಿ. ಅದಾಗದಿದ್ದರೆ, ಈ ಕಂದು ಮನುಷ್ಯ ನಕಲಿಯಲ್ಲ, ಇವನಿಗೆ ಸ್ವಂತ ಮೀಸೆ ಇದೆ ಎಂದು ಸಿಕ್ಕಾ ಒತ್ತಿದ ಕಾಗದವನ್ನಾದರೂ ಕೊಡಿರಿ. ಮೂರು ದಿನದಿಂದ ಅನ್ನ ಇಳಿಯುತ್ತಿಲ್ಲ. ಆಕೆ ಬೇಡವೆಂದರೆ ಎಂಬ ಹೆದರಿಕೆ ಮಾತ್ರ ಹೊಟ್ಟೆಗೆ ಇಳಿಯುತ್ತಿದೆ.

ಮೈಬಣ್ಣ ಸಾಲದ, ತಮ್ಮ ವಿಶ್ವಾಸಿ,
ಶಾಂತಲಿಂಗಪ್ಪ

ತಾ.ಕ.: ಅಂಚೆಗೆ ಹಾಕುವ ಧೈರ್ಯ ಸಾಲದೆ ಪತ್ರ ಕಿಸೆಯಲ್ಲೇ ಉಳಿದು ಮಟಕಿಗೂ ಹೋಗಿಬಂತು. ಶಿವಕಾಂತಾ ಚಹಾ ತಂದಿಟ್ಟು, ನನ್ನನ್ನು ನೋಡಿ, “ಚಲೋ ಆತ್ರಿ, ಗುಲಾಬಿ ಮಾರಿಯಾಂವ ಬಂದಿದ್ರ ನಾ ಒಲ್ಲೆ ಅಂತಿದ್ನಿ” ಎಂದಳು. ಆಯಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಜ್ಯೇಷ್ಠದಲ್ಲಿ ಮದುವೆ. ತಾವು ತಪ್ಪದೆ ಬರಬೇಕು. ಬರುವಾಗ ಆ ಕಡ್ಡಿಗೆ ಯಾರ ಮೈ ನೋಡಿ ಹೆಸರಿಟ್ಟಿರೋ ಅವರನ್ನೂ ಕರೆತನ್ನಿರಿ. ಬಿಸಿಲಿಗೆ ಒಂದು ದಿನ ನಿಲ್ಲಿಸಿ, ನಮ್ಮ ಕಡೆಯ ಬಣ್ಣ ಹಚ್ಚಿ ಕಳಿಸಿಕೊಡುತ್ತೇವೆ.